ಅಡಿಕೆ ಸುಲಿಯುವ ಯಂತ್ರ ಹೊರದೇಶಕ್ಕೆ: ಡೀಲರ್ ಸಾಕೋ, ಮರ್ಚೆಂಟ್ ಎಕ್ಸ್‌ಪೋರ್ಟರ್ ಮೂಲಕವೋ, ಅಲ್ಲೇ ಕಂಪನಿ ತೆರೆಯಬೇಕೋ?

ಸುಲಿಯಂತ್ರ_ಶಿವಮೊಗ್ಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಅಡಿಕೆ ಸುಲಿಯುವ ಯಂತ್ರ ಮಾಡುವ ಸಣ್ಣ ಘಟಕ ನಮ್ಮದು. 14 ಜನ ಕೆಲಸಗಾರರು, ವರ್ಷಕ್ಕೆ 150ರ ಆಸುಪಾಸು ಯಂತ್ರ. 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್, ತೂಕ 210 ಕೆಜಿ, ಕಾರ್ಖಾನೆ ಬಾಗಿಲಲ್ಲಿ ಬೆಲೆ 68,000 ರೂಪಾಯಿ. ಬ್ಲೇಡ್ ಸೆಟ್ ಬದಲಿಸಿದರೆ ಹಸಿ ಅಡಿಕೆಯನ್ನೂ ಸುಲಿಯುತ್ತದೆ, ಸಿಪ್ಪೆ ಸಮೇತ ಒಣಗಿದ ಗೋಟನ್ನೂ ಸುಲಿಯುತ್ತದೆ.

ಈ ವರ್ಷ ಹೊರಗಿನಿಂದ ನಾಲ್ಕು ವಿಚಾರಣೆ ಬಂದಿವೆ. ಶ್ರೀಲಂಕಾದ ಕೇಗಾಲೆಯ ಒಬ್ಬ ಯಂತ್ರ ವ್ಯಾಪಾರಿಗೆ 4 ಬೇಕು. ನೇಪಾಳದ ಝಾಪಾದ ಡೀಲರ್ ಸೀಸನ್ನಿಗೆ 10 ಕೇಳಿದ್ದಾರೆ, ಜೊತೆಗೆ ಇಡೀ ನೇಪಾಳಕ್ಕೆ ತಾವೊಬ್ಬರೇ ಡೀಲರ್ ಆಗಬೇಕು ಅಂತ ಷರತ್ತು. ಭೂತಾನಿನ ಸಂತ್ಸೆ ಕಡೆಯ ರೈತರ ಗುಂಪಿಗೆ 2. ಬಾಂಗ್ಲಾದೇಶದವರೊಬ್ಬರು ಸ್ಯಾಂಪಲ್ಲಿಗೆ ಅಂತ 1 ಕೇಳಿದ್ದಾರೆ.

ಪಾಲುದಾರರಲ್ಲಿ ಒಬ್ಬರಿಗೆ ನೇಪಾಳದಲ್ಲೇ ಕಂಪನಿ ಮಾಡಿ ಜೋಡಣೆಯನ್ನೂ ಅಲ್ಲೇ ಮಾಡುವ ಆಸೆ. ನಮ್ಮ ಆಡಿಟರ್ ಮಾತ್ರ ಬೆಂಗಳೂರಿನ ಮರ್ಚೆಂಟ್ ಎಕ್ಸ್‌ಪೋರ್ಟರ್ (ನಮ್ಮಿಂದ ಕೊಂಡು ತಮ್ಮ ಹೆಸರಲ್ಲಿ ರಫ್ತು ಮಾಡುವವರು) ಕೈಗೆ ಕೊಟ್ಟು ಕೈ ತೊಳೆದುಕೊಳ್ಳಿ ಅನ್ನುತ್ತಾರೆ. ಐಇಸಿ (ಆಮದು-ರಫ್ತು ಮಾಡುವವರ ಗುರುತು ಸಂಖ್ಯೆ) ಮಾಡಿಸಿದ್ದಾಗಿದೆ, ಬೇರೇನೂ ಇಲ್ಲ. ನಾಲ್ಕು ದೇಶಕ್ಕೂ ಒಂದೇ ದಾರಿ ಹಿಡಿಯಬೇಕಾ, ಬೇರೆ ಬೇರೆಯಾ? ಯಾವುದನ್ನು ಮೊದಲು ಮಾಡಬೇಕು? ತಿಳಿದವರು ಹೇಳಿ.

---

ಗಡಿದಾರಿ ಉತ್ತರ:

ನಾಲ್ಕಕ್ಕೂ ಒಂದೇ ದಾರಿ ಬೇಡ. ಯಾವ ದೇಶದ ಮಾರುಕಟ್ಟೆ ದೊಡ್ಡದು ಅನ್ನುವುದರಿಂದಲೂ ಶುರು ಮಾಡಬೇಡಿ. ನಿಮ್ಮದು ಯಂತ್ರ, ಉಪ್ಪಿನಕಾಯಿ ಜಾಡಿ ಅಲ್ಲ. ಕೊಯ್ಲಿನ ನಡುವೆ ಸ್ಪ್ರಿಂಗ್ ತುಂಡಾದರೆ ಎರಡು ದಿನದೊಳಗೆ ಯಾರು ಹಾಕಿಕೊಡುತ್ತಾರೆ? ಮಾರಾಟದ ದಾರಿ ಯಾವುದು ಅನ್ನುವುದು ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಇದೆ. ದುಡ್ಡು ಹೇಗೆ ಬರುತ್ತದೆ, ಕೈ ಸುಟ್ಟುಕೊಂಡರೆ ಎಷ್ಟು ಬೇಗ ಹಿಂದೆ ಸರಿಯಬಹುದು ಅನ್ನುವುದು ಆಮೇಲಿನ ಮಾತು.

ಮರ್ಚೆಂಟ್ ಎಕ್ಸ್‌ಪೋರ್ಟರ್ ವಿಷಯದಲ್ಲಿ ನಿಮ್ಮ ಆಡಿಟರ್ ಹೇಳಿದ್ದು ಕಾಗದದ ಮಟ್ಟಿಗೆ ಸರಿ. 0.1% ಜಿಎಸ್‌ಟಿಯಲ್ಲಿ ಅವರಿಗೆ ಬಿಲ್ ಮಾಡಬಹುದು. ಆದರೆ ನಿಮ್ಮ ಬಿಲ್ ತಾರೀಖಿನಿಂದ 90 ದಿನದೊಳಗೆ ಸರಕು ದೇಶ ಬಿಡಬೇಕು, ಅವರ ಶಿಪ್ಪಿಂಗ್ ಬಿಲ್ಲಿನಲ್ಲಿ (ಕಸ್ಟಮ್ಸಿಗೆ ಕೊಡುವ ರಫ್ತು ಘೋಷಣೆ) ನಿಮ್ಮ ಜಿಎಸ್‌ಟಿ ಸಂಖ್ಯೆ ಮತ್ತು ಬಿಲ್ ಸಂಖ್ಯೆ ಇರಬೇಕು, ಅದರ ಪ್ರತಿ ನಿಮಗೆ ಬರಬೇಕು. ಅವರು ಸಾಗಿಸದೆ ಕೂತರೆ ಪೂರ್ತಿ ತೆರಿಗೆ ನಿಮ್ಮ ತಲೆಗೇ ಸುತ್ತಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ನಷ್ಟವೆಂದರೆ ಕೊಳ್ಳುವವನ ಹೆಸರೂ ಅವನ ದೂರೂ ನಿಮಗೆ ತಿಳಿಯುವುದೇ ಇಲ್ಲ. ಮೆಣಸು, ಅರಿಶಿನಕ್ಕೆ ಈ ದಾರಿ ಅಡ್ಡಿಯಿಲ್ಲ. ರಿಪೇರಿ ಬೇಡುವ ವಸ್ತುವಿಗೆ ಒಗ್ಗುವುದಿಲ್ಲ.

ನೇಪಾಳದಲ್ಲಿ ಕಂಪನಿ ಮಾಡುವ ಯೋಚನೆಯನ್ನು ಸದ್ಯಕ್ಕೆ ಅಟ್ಟದ ಮೇಲಿಡಿ. ವಿದೇಶಿ ಹೂಡಿಕೆಗೆ ಅಲ್ಲಿ ಕನಿಷ್ಠ ಮಿತಿ ಇದೆ. 2022ರಲ್ಲಿ 5 ಕೋಟಿಯಿಂದ 2 ಕೋಟಿ ನೇಪಾಳಿ ರೂಪಾಯಿಗೆ ಇಳಿಸಿದರು. ನಮ್ಮ 1 ರೂಪಾಯಿಗೆ ಅವರ 1.60 ಅಂತ ದರ ಕಟ್ಟಿಹಾಕಿರುವುದರಿಂದ ನಮ್ಮ ಲೆಕ್ಕದಲ್ಲಿ 1.25 ಕೋಟಿ. ನಿಮ್ಮ ಇಡೀ ವರ್ಷದ ವಹಿವಾಟೇ 1 ಕೋಟಿ ಚಿಲ್ಲರೆ ಆಗುತ್ತದೆ ಅಲ್ಲವೇ! ಅದರ ಮೇಲೆ ನಮ್ಮ ಕಡೆಯ ಕೆಲಸ ಬೇರೆ: ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ (ಹೊರದೇಶದ ಹೂಡಿಕೆಯ ಅರ್ಜಿ) ಕೊಟ್ಟು ಯುಐಎನ್ (ಆ ಹೂಡಿಕೆಯ ಗುರುತು ಸಂಖ್ಯೆ) ಪಡೆಯಬೇಕು, ಆಮೇಲೇ ಹಣ ಕಳಿಸಬೇಕು, ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಅಲ್ಲಿನ ಕಂಪನಿಯ ವರದಿ ಕೊಡಬೇಕು. ಹತ್ತು ಯಂತ್ರ ಮಾರಲು ಇಷ್ಟು ರಾಮಾಯಣ ಬೇಡ.

ಸ್ವೀಡನ್ನಿನ ಸಂಶೋಧಕರಾದ ಯೋಹಾನ್ಸನ್ ಮತ್ತು ವಾಲ್ನೆ 1977ರಲ್ಲಿ ಒಂದು ಮಾದರಿ ಮುಂದಿಟ್ಟರು, ಉಪ್ಸಾಲಾ ಮಾದರಿ ಅಂತ ಹೆಸರು. ಕಂಪನಿಗಳು ಮೊದಲು ಅಪರೂಪಕ್ಕೆ ರಫ್ತು ಮಾಡುತ್ತವೆ, ಆಮೇಲೆ ಏಜೆಂಟ್ ಹಿಡಿಯುತ್ತವೆ, ಆಮೇಲೆ ಸ್ವಂತ ಮಾರಾಟ ಕಚೇರಿ ತೆರೆಯುತ್ತವೆ, ಕೊನೆಗೆ ಅಲ್ಲೇ ತಯಾರಿಕೆ. ಭಾಷೆ, ವ್ಯವಹಾರದ ರೀತಿ ಹತ್ತಿರವಿರುವ ದೇಶದಿಂದ ಶುರು ಮಾಡಿ ದೂರಕ್ಕೆ ಹೋಗುತ್ತವೆ. 2009ರಲ್ಲಿ ಅವರೇ ತಿದ್ದಿಕೊಂಡು, ದೇಶ ಹತ್ತಿರವೋ ದೂರವೋ ಅನ್ನುವುದಕ್ಕಿಂತ ಅಲ್ಲಿ ನಿಮಗೆ ಯಾರ ಸಂಬಂಧ ಇದೆ ಅನ್ನುವುದು ಮುಖ್ಯ ಅಂದರು. ನಿಮಗೆ ಬೇಕಾದದ್ದು ಈ ಎರಡನೆಯ ಮಾತು.

ಯಾಕೆ ಅಂದರೆ, ಭೂಪಟ ಬಿಡಿಸಿ ಸಿಲಿಗುರಿ ನೋಡಿ. ಅಲ್ಲಿಂದ ನೇಪಾಳದ ಕಾಕಡ್‌ಭಿಟ್ಟಾ ಒಂದೆರಡು ಗಂಟೆ ದಾರಿ, ಅದಿರುವುದೇ ಝಾಪಾ ಜಿಲ್ಲೆಯಲ್ಲಿ. ಭೂತಾನಿನ ಸಂತ್ಸೆ ಇರುವುದು ಬಂಗಾಳದ ಚಾಮುರ್ಚಿಯ ಆಚೆ ಮಗ್ಗುಲಿಗೆ. ಫುಂಟ್‌ಶೋಲಿಂಗ್‌ಗೆ ಜೈಗಾಂವ್ ಕಡೆಯಿಂದ ಹೋಗಬಹುದು. ಉತ್ತರ ಬಂಗಾಳ, ಅಸ್ಸಾಂನಲ್ಲೂ ಅಡಿಕೆ ಧಾರಾಳ. ಹಾಗಾಗಿ ನೇಪಾಳ, ಭೂತಾನಿಗೆ ನಿಮ್ಮ ಪ್ರವೇಶದ ದಾರಿ ಭಾರತದೊಳಗೇ ಇದೆ: ಸಿಲಿಗುರಿಯಲ್ಲಿ ಮೋಟಾರು ಪಂಪು ಮಾರುವ, ಸ್ವಂತ ವರ್ಕ್‌ಶಾಪ್ ಇರುವ ಒಬ್ಬ ಡೀಲರನ್ನು ಹಿಡಿದು ಬಿಡಿಭಾಗದ ದಾಸ್ತಾನು ಇಡಿ. ಒಬ್ಬ ಫಿಟ್ಟರಿಗೆ ಶಿವಮೊಗ್ಗದಲ್ಲಿ ಹದಿನೈದು ದಿನ ತರಬೇತಿ ಕೊಟ್ಟರೆ ಮೂರು ಕಡೆಯ ರಿಪೇರಿ ಆಗುತ್ತದೆ. ಅವನು ನೇಪಾಳಕ್ಕೆ ವೀಸಾ ಇಲ್ಲದೆ ಮತದಾರರ ಚೀಟಿ ಹಿಡಿದು ಹೋಗಬಹುದು. ಭೂತಾನಿಗೂ ವೀಸಾ ಬೇಡ, ಆದರೆ ಪರ್ಮಿಟ್ ಬೇಕು. ಪ್ರವಾಸಿ ಅಂತ ಹೋಗಿ ರಿಪೇರಿ ಮಾಡಿ ಸಿಕ್ಕಿಬೀಳಬಾರದು. ಯಂತ್ರ ಕೊಂಡವರ ಕಡೆಯಿಂದ ಕೆಲಸದ ಪರ್ಮಿಟ್ ಹಾಕಿಸಿ.

ದುಡ್ಡಿನ ವಿಷಯ. ಎರಡೂ ದೇಶಕ್ಕೆ ರೂಪಾಯಿಯಲ್ಲೇ ಬಿಲ್ ಮಾಡಬಹುದು. ಭೂತಾನಿನ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ. ಡಾಲರ್ ಏರಿಳಿತದ ತಲೆನೋವಿಲ್ಲ. ಆದರೆ ಒಂದು ಎಚ್ಚರಿಕೆ: ಝಾಪಾದ ಡೀಲರ್ "ಸಿಲಿಗುರಿಯಲ್ಲಿ ನಮ್ಮ ಪರಿಚಯದವರ ಖಾತೆಯಿಂದ ಹಾಕಿಸ್ತೀನಿ" ಅಂದರೆ ಒಪ್ಪಬೇಡಿ. ರಫ್ತಿನ ಬಿಲ್ ಒಬ್ಬರ ಹೆಸರಲ್ಲಿ, ಹಣ ಇನ್ನೊಬ್ಬರಿಂದ ದೇಶದೊಳಗಿನ ವರ್ಗಾವಣೆಯಾಗಿ ಬಂದರೆ ನಿಮ್ಮ ಶಿಪ್ಪಿಂಗ್ ಬಿಲ್ ಬ್ಯಾಂಕಿನ ದಾಖಲೆಯಲ್ಲಿ ವಸೂಲಿ ಬಾಕಿ ಅಂತಲೇ ನಿಂತುಬಿಡುತ್ತದೆ. ಎಲ್‌ಯುಟಿ (ರಫ್ತು ಮಾಡುತ್ತೇವೆ ಅನ್ನುವ ಮುಚ್ಚಳಿಕೆ) ಮೇಲೆ ತೆರಿಗೆ ಇಲ್ಲದೆ ಕಳಿಸಿದ್ದಕ್ಕೂ ಜಿಎಸ್‌ಟಿಯವರಿಂದ ಪ್ರಶ್ನೆ ಬರುತ್ತದೆ. ಅವರ ಬ್ಯಾಂಕಿನಿಂದ ನಿಮ್ಮ ಬ್ಯಾಂಕಿಗೆ, ಪ್ರೊಫಾರ್ಮಾ (ಸರಕು ಕಳಿಸುವ ಮೊದಲು ಕೊಡುವ ಕರಡು ಬಿಲ್) ಸಂಖ್ಯೆ ನಮೂದಿಸಿ ಬರಲಿ. ಆಗುವುದಿಲ್ಲ ಅಂದರೆ ಸಿಲಿಗುರಿ ಡೀಲರಿಗೆ ಮಾಮೂಲಿ ದೇಶೀಯ ಬಿಲ್ ಮಾಡಿ, ಜಿಎಸ್‌ಟಿ ಹಾಕಿ, ಗಡಿ ದಾಟಿಸುವ ಕಾಗದಪತ್ರ ಅವನೇ ನೋಡಿಕೊಳ್ಳಲಿ. ಮೊದಲ ಎರಡು ಭೂತಾನ್ ಯಂತ್ರಕ್ಕೆ ಅಷ್ಟೇ ಸಾಕು.

ಬಾಂಗ್ಲಾದೇಶದ ಸ್ಯಾಂಪಲ್. ಮಾರಾಯ್ರೇ, ಅಲ್ಲಿನ ಬೊಗುರಾದಲ್ಲಿ ಫೌಂಡ್ರಿಗಳೂ ಕೃಷಿ ಯಂತ್ರದ ವರ್ಕ್‌ಶಾಪುಗಳೂ ಸಾಲುಸಾಲಾಗಿವೆ. ಒಂದು ಯಂತ್ರ ಹೋದರೆ ಫ್ರೇಮು, ಹಾಪರ್, ಪುಲ್ಲಿ ಎಲ್ಲ ಮುಂದಿನ ಸೀಸನ್ನಿಗೆ ಅಲ್ಲೇ ತಯಾರು. ತಪ್ಪು ಅಂತ ಹೇಳುವ ಹಕ್ಕು ನಮಗೂ ಇಲ್ಲ, ನಮ್ಮ ಆಟೋ ಕಾಂಪ್ಲೆಕ್ಸಿನಲ್ಲೂ ಪಕ್ಕದ ಶೆಡ್ ನೋಡಿ ಮಾಡಿದ ಯಂತ್ರ ಎಷ್ಟಿಲ್ಲ? ನಿಮ್ಮಲ್ಲಿ ನಕಲಿಗೆ ಸುಲಭವಾಗಿ ಸಿಗದ ಭಾಗ ಬ್ಲೇಡಿನ ಹದ ಮತ್ತು ಸ್ಪ್ರಿಂಗಿನ ಬಿಗಿ. ಹಾಗಾಗಿ ಇಡೀ ಯಂತ್ರ ಮಾರುವ ಬದಲು ಅಲ್ಲಿನ ಒಬ್ಬ ವರ್ಕ್‌ಶಾಪಿನವನಿಗೆ ಬ್ಲೇಡ್ ಸೆಟ್, ಸ್ಪ್ರಿಂಗ್, ಗೇರ್ ಮಾತ್ರ ಕಿಟ್ ರೂಪದಲ್ಲಿ ಮಾರುವುದು ಲೇಸು. ಫ್ರೇಮ್ ಅವನೇ ಮಾಡಿಕೊಳ್ಳಲಿ, ಸಾಗಣೆಯೂ ಹಗುರ. ಅಲ್ಲಿನ ಆಮದು ಬಹುಮಟ್ಟಿಗೆ ಎಲ್‌ಸಿ (ಕಾಗದ ಸರಿಯಿದ್ದರೆ ಹಣ ಕೊಡುತ್ತೇವೆ ಅನ್ನುವ ಬ್ಯಾಂಕಿನ ಭರವಸೆ ಪತ್ರ) ಮೂಲಕವೇ ನಡೆಯುವುದರಿಂದ ಒಂದು ಯಂತ್ರದ ಸ್ಯಾಂಪಲ್ಲಿಗೆ ಬ್ಯಾಂಕ್ ಖರ್ಚೇ ಭಾರವಾಗುತ್ತದೆ. ಭೂ ಗಡಿಯ ನಿಯಮಗಳನ್ನು 2025ರಲ್ಲಿ ಎರಡೂ ಸರ್ಕಾರಗಳು ಹಲವು ಸರಕಿಗೆ ಬಿಗಿ ಮಾಡಿವೆ. ಬಾಂಗ್ಲಾದೇಶವನ್ನು ಕೊನೆಗಿಡಿ.

ಇನ್ನೊಂದು, ಬೆಲೆ ಹೇಳುವ ಮೊದಲು ಅಡಿಕೆ ಅಳೆಸಿ. ನಾಲ್ವರಿಂದಲೂ 100 ಕಾಯಿಯ ಅಳತೆ ತರಿಸಿ: ಸಿಪ್ಪೆ ಸಮೇತ ಉದ್ದ, ಅಡ್ಡಗಲ, ಸುಲಿದ ಮೇಲೆ ಒಳಗಿನ ತಿರುಳಿನ ಅಡ್ಡಗಲ, ಹಸಿಯೋ ಹಣ್ಣೋ ಒಣಗಿದ್ದೋ. ವರ್ನಿಯರ್ ಹಿಡಿದ ಫೋಟೊ ಸಾಕು. ಕಾಯಿಯನ್ನೇ ಪಾರ್ಸಲ್ ಮಾಡಿ ಅನ್ನಬೇಡಿ, ಹೊರಗಿನ ಅಡಿಕೆಗೆ ಸಸ್ಯ ಕ್ವಾರಂಟೈನ್ ಇದೆ, ಕೆಜಿಗೆ 351 ರೂಪಾಯಿ ಕನಿಷ್ಠ ಆಮದು ಬೆಲೆಯೂ ಇದೆ, ಸುಮ್ಮನೆ ಕಸ್ಟಮ್ಸಿನಲ್ಲಿ ಕೊಳೆಯುತ್ತದೆ. ನಮ್ಮ ಹಸಿ ಅಡಿಕೆಗೆ ಕೂಡಿಸಿದ ಬ್ಲೇಡಿನಂತರಕ್ಕೆ ಅಲ್ಲಿಯ ಉದ್ದನೆಯ ಕಾಯಿ ಬಿದ್ದರೆ ತಿರುಳಿಗೇ ಗಾಯವಾಗುತ್ತದೆ. ಆಗ ಯಂತ್ರವೇ ಸರಿಯಿಲ್ಲ ಅನ್ನುತ್ತಾರೆ, ಹೊಂದಿಸಿಲ್ಲ ಅನ್ನುವುದಿಲ್ಲ.

---

ಬಂದರುಬಿಲ್ಲು ಉತ್ತರ:

ಮೇಲಿನವರು ಶ್ರೀಲಂಕಾ ಬಿಟ್ಟಿದ್ದಾರೆ, ಅದನ್ನು ಹೇಳುತ್ತೇನೆ. ಅಲ್ಲಿಗೆ ನಿಮಗೆ ಹೊಂದುವುದು ನೇರ ರಫ್ತು ಮತ್ತು ಬಿಡಿಭಾಗ ಇಟ್ಟುಕೊಳ್ಳುವ ಒಬ್ಬ ಡೀಲರ್. ಕೇಗಾಲೆ, ಕುರುನೇಗಲ, ರತ್ನಪುರ ಅಡಿಕೆ ಬೆಳೆಯುವ ಜಿಲ್ಲೆಗಳು, ಕೇಗಾಲೆಯವರು ಕೇಳಿರುವುದು ಅರ್ಥವುಳ್ಳದ್ದೇ. ಕರೆಂಟ್ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಜ್, ಮೋಟಾರ್ ಬದಲಿಸುವುದು ಬೇಡ. ಪ್ಲಗ್ ಮಾತ್ರ ಕೇಳಿಕೊಂಡು ಹಾಕಿ.

ಮೊದಲು ಪ್ಯಾಕಿಂಗ್, ಏಕೆಂದರೆ ದುಡ್ಡು ಸೋರುವುದು ಅಲ್ಲಿ. ನಾಲ್ಕು ಯಂತ್ರಕ್ಕೆ ಪೂರ್ತಿ ಕಂಟೇನರ್ ಬೇಡ, ಎಲ್‌ಸಿಎಲ್ ಅಂದರೆ ಬೇರೆಯವರ ಸರಕಿನ ಜೊತೆ ಹೋಗುತ್ತದೆ. ಅದಕ್ಕೆ ಲೆಕ್ಕ 1 ಟನ್ ಅಥವಾ 1 ಘನ ಮೀಟರ್, ಯಾವುದು ಹೆಚ್ಚೋ ಅದು. ಯಂತ್ರವನ್ನು ನಿಂತ ಹಾಗೇ ಪೆಟ್ಟಿಗೆ ಮಾಡಿದರೆ ಸುಮಾರು 1.2 × 0.9 × 1.3 ಮೀಟರ್, ಅಂದರೆ 1.4 ಘನ ಮೀಟರ್. ನಾಲ್ಕಕ್ಕೆ 5.6. ತೂಕ ನೋಡಿದರೆ 840 ಕೆಜಿ ಅಷ್ಟೇ. ಗಾಳಿಗೆ ಬಾಡಿಗೆ ಕೊಟ್ಟ ಹಾಗಾಯಿತು. ಕಾಲು ಮತ್ತು ಹಾಪರ್ ಬಿಚ್ಚಿ ಒಳಗೇ ಮಲಗಿಸಿದರೆ ಎತ್ತರ 0.7 ಮೀಟರಿಗೆ ಇಳಿಯುತ್ತದೆ. ಉದ್ದವನ್ನೂ 1.15ಕ್ಕೆ ತನ್ನಿ, ಆಗ ಒಂದಕ್ಕೆ 0.72, ನಾಲ್ಕಕ್ಕೆ 2.9 ಘನ ಮೀಟರ್. ಬಾಡಿಗೆ ಹತ್ತಿರಹತ್ತಿರ ಅರ್ಧ.

1.15 ಯಾಕೆ ಅಂದರೆ, ಮುಂದೆ 20 ಅಡಿ ಕಂಟೇನರ್ ತುಂಬುವಾಗ ಒಳಗಿನ ಅಗಲ 2.35 ಮೀಟರ್. 1.2ರ ಪೆಟ್ಟಿಗೆ ಅಡ್ಡಕ್ಕೆ ಎರಡು ಇಟ್ಟರೆ 2.40, ಐದು ಸೆಂಟಿಮೀಟರಿಗೆ ಒಳಗೆ ಹೋಗುವುದಿಲ್ಲ. 1.15 ಆದರೆ ಎರಡು ಕೂರುತ್ತವೆ, ಉದ್ದಕ್ಕೆ ಆರು ಸಾಲು, ಮೇಲೆ ಮೂರು ಅಂತಸ್ತು, ಒಟ್ಟು 36. ಬಾಗಿಲ ಎತ್ತರ 2.28 ಇರುವುದರಿಂದ ಮೂರು ಅಂತಸ್ತಿನ 2.1 ದಾಟುತ್ತದೆ. ಆದರೆ ಕೆಳಗಿನ ಪೆಟ್ಟಿಗೆ ಮೇಲಿನೆರಡರ 420 ಕೆಜಿ ಹೊರಬೇಕು, ನಾಲ್ಕು ಮೂಲೆಗೂ ಕಂಬ ಕೊಡಿ. ಬರೀ ಹಲಗೆ ಹೊಡೆದ ಪೆಟ್ಟಿಗೆ ಕುಸಿಯುತ್ತದೆ.

ಮರದ ವಿಷಯದಲ್ಲಿ ನಮ್ಮೂರಿನ ಅಭ್ಯಾಸ ಕೈ ಕೊಡುತ್ತದೆ. ಸಾಮಿಲ್ಲಿನಿಂದ ಸಿಲ್ವರ್ ಓಕ್ ಹಲಗೆ ತಂದು ಪೆಟ್ಟಿಗೆ ಹೊಡೆದು ಕಳಿಸುವಂತಿಲ್ಲ. ಐಎಸ್‌ಪಿಎಂ 15 (ಮರದ ಪ್ಯಾಕಿಂಗಿನ ಅಂತರರಾಷ್ಟ್ರೀಯ ನಿಯಮ) ಪ್ರಕಾರ ಸಂಸ್ಕರಿಸದ ಮರಕ್ಕೆ ಉಷ್ಣ ಉಪಚಾರ ಆಗಿರಬೇಕು, ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇರಬೇಕು, ಮೇಲೆ ಐಪಿಪಿಸಿ ಮುದ್ರೆ ಬೀಳಬೇಕು. ಪ್ಲೈವುಡ್ಡಿಗೆ ಇದು ಬೇಡ. ಎಲ್ಲರೂ ತಪ್ಪುವುದು ಇಲ್ಲೇ: ಪಕ್ಕಕ್ಕೆಲ್ಲ ಪ್ಲೈವುಡ್ ಹಾಕಿ, ಅಡಿಗೆ ಮಾತ್ರ ಎರಡು ಸಂಸ್ಕರಿಸದ ಮರದ ತೊಲೆ ಬಡಿಯುತ್ತಾರೆ. ಆ ತೊಲೆಗೂ ಮುದ್ರೆ ಬೇಕು. ಬ್ಲೇಡಿಗೆ ಗ್ರೀಸ್ ಬಳಿದು ತುಕ್ಕು ತಡೆಯುವ ಕಾಗದ ಸುತ್ತಿ, ಬೆಲ್ಟಿಗೆ ಗ್ರೀಸ್ ತಾಗದಂತೆ ಬೇರೆ ಚೀಲದಲ್ಲಿಡಿ.

ದಾರಿ: ಮಂಗಳೂರು ಬಂದರು ಹತ್ತಿರ ಅನಿಸುತ್ತದೆ, ಆದರೆ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ, ಮಳೆಗಾಲದಲ್ಲಿ ಬೇರೆ ಘಾಟಿಗಳದ್ದೂ ನೆಚ್ಚಿಕೆಯಿಲ್ಲ. ಎಲ್‌ಸಿಎಲ್ ಸರಕನ್ನು ಬೆಂಗಳೂರಿಗೆ ಕಳಿಸಿ ಚೆನ್ನೈ ಅಥವಾ ತೂತ್ತುಕುಡಿ ಮೂಲಕ ಕೊಲಂಬೊಗೆ ಹಾಕುವುದು ವಾಡಿಕೆ. ಬೆಲೆ ಹೇಳುವಾಗ ಎಫ್‌ಸಿಎ (ಸಾಗಣೆದಾರನ ಕೈಗೆ ಒಪ್ಪಿಸುವವರೆಗೆ ಮಾತ್ರ ನಿಮ್ಮ ಹೊಣೆ) ಅಂತ ಹೇಳಿ. ಎಫ್‌ಒಬಿ (ಹಡಗಿಗೆ ಏರಿಸುವವರೆಗೆ ನಿಮ್ಮ ಹೊಣೆ) ಎಲ್ಲರ ಬಾಯಲ್ಲೂ ಇದ್ದರೂ ಕಂಟೇನರ್ ಸರಕಿಗೆ ಅದು ಸರಿಯಲ್ಲ. ಸರಕು ನಿಮ್ಮ ಕೈ ಬಿಡುವುದು ಡಿಪೋದಲ್ಲಿ, ಆದರೆ ಹಡಗು ಹತ್ತುವವರೆಗೆ ಜವಾಬ್ದಾರಿ ನಿಮ್ಮದೇ ಆಗುತ್ತದೆ. ಡಿಡಿಪಿ (ಸುಂಕ ಕಟ್ಟಿ ಕೊಳ್ಳುವವನ ಜಾಗಕ್ಕೇ ತಲುಪಿಸುವುದು) ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ. ಅಲ್ಲಿನ ಸುಂಕ, 18% ವ್ಯಾಟ್ ಎಲ್ಲ ನಿಮ್ಮ ತಲೆಗೆ ಬರುತ್ತದೆ. ಎಲ್‌ಸಿಎಲ್‌ನಲ್ಲಿ ಇನ್ನೊಂದು ಆಟ ಇದೆ. ಹಡಗಿನ ಬಾಡಿಗೆ ಬಹಳ ಅಗ್ಗ ತೋರಿಸಿ, ಕೊಲಂಬೊದಲ್ಲಿ ಸರಕು ಬಿಡಿಸುವಾಗ ಡೆಲಿವರಿ ಆರ್ಡರ್, ಗೋದಾಮು ಅಂತ ಕೊಳ್ಳುವವನಿಂದ ಕೀಳುತ್ತಾರೆ. ಅವನು ಬೈಯುವುದು ನಿಮಗೆ. ಬುಕ್ ಮಾಡುವ ಮೊದಲೇ ಅಲ್ಲಿನ ಖರ್ಚಿನ ಪಟ್ಟಿ ಬರಹದಲ್ಲಿ ತರಿಸಿ ಅವನಿಗೆ ಕಳಿಸಿ.

ಸುಂಕ: ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ 2000ದ ಮಾರ್ಚಿನಿಂದ ಇದೆ. ಅದರ ರಿಯಾಯಿತಿ ಸಿಗಲು ಸರಕು ಭಾರತದ್ದೇ ಅನ್ನುವ ಮೂಲ ಪ್ರಮಾಣಪತ್ರ ಬೇಕು, ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಪೋರ್ಟಲ್ಲಿನಲ್ಲಿ ಅರ್ಜಿ. ನಿಯಮ ಎರಡು. ಎಫ್‌ಒಬಿ ಬೆಲೆಯಲ್ಲಿ ಕನಿಷ್ಠ 35% ಮೌಲ್ಯ ಇಲ್ಲೇ ಸೇರಿರಬೇಕು. ಹೊರಗಿನ ಬಿಡಿಭಾಗ ಇದ್ದರೆ ಅದರ ನಾಲ್ಕಂಕಿಯ ಎಚ್‌ಎಸ್ ಸಂಖ್ಯೆ (ಕಸ್ಟಮ್ಸಿನವರು ಸರಕನ್ನು ವಿಂಗಡಿಸುವ ಸಂಖ್ಯೆ) ನಿಮ್ಮ ಯಂತ್ರದ್ದಕ್ಕಿಂತ ಬೇರೆ ಇರಬೇಕು. ಚೀನಾ ಬೇರಿಂಗ್ 8482, ಮೋಟಾರ್ 8501, ಹಾಗಾಗಿ ತೊಂದರೆ ಕಾಣುವುದಿಲ್ಲ. ಆದರೆ ನಿಮ್ಮ ಯಂತ್ರದ ಎಚ್‌ಎಸ್ ಸಂಖ್ಯೆಯನ್ನು ನೀವೊಬ್ಬರೇ ಕೂತು ತೀರ್ಮಾನಿಸಬೇಡಿ. ಕೇಗಾಲೆಯವರಿಗೆ ಫೋಟೊ, ಕೆಲಸದ ವಿವರ ಕಳಿಸಿ ಅಲ್ಲಿನ ಕಸ್ಟಮ್ಸ್ ಯಾವ ಸಂಖ್ಯೆ ಒಪ್ಪುತ್ತದೆ, ಅದು ಶ್ರೀಲಂಕಾದ ನಕಾರ ಪಟ್ಟಿಯಲ್ಲಿದೆಯೇ (ರಿಯಾಯಿತಿ ಇಲ್ಲದ ಸರಕಿನ ಪಟ್ಟಿ) ಕೇಳಿ. ಮೊದಲ ಆರು ಅಂಕಿ ಎರಡೂ ಕಡೆ ಒಂದೇ ಇರಬೇಕು. ಪ್ರಮಾಣಪತ್ರದಲ್ಲಿ ಒಂದು, ಅಲ್ಲಿನ ಘೋಷಣೆಯಲ್ಲಿ ಇನ್ನೊಂದು ಅಂದರೆ ರಿಯಾಯಿತಿ ಹೋಯಿತು.

ಕಾಗದ: ಐಇಸಿ ಇದೆ ಅಂದಿರಿ, ಪ್ರತಿ ವರ್ಷ ಏಪ್ರಿಲ್ ಮತ್ತು ಜೂನ್ ನಡುವೆ ಅಪ್‌ಡೇಟ್ ಮಾಡಿದ್ದೀರಾ ನೋಡಿ. ಬದಲಾವಣೆ ಇಲ್ಲದಿದ್ದರೂ ಒಮ್ಮೆ ಖಚಿತಪಡಿಸಬೇಕು, ಇಲ್ಲದಿದ್ದರೆ ನಿಷ್ಕ್ರಿಯವಾಗುತ್ತದೆ, ಅದು ಗೊತ್ತಾಗುವುದು ಲಾರಿ ಬಂದರಿನಲ್ಲಿ ನಿಂತಾಗ. ಬ್ಯಾಂಕಿನಿಂದ ಎಡಿ ಕೋಡ್ (ವಿದೇಶಿ ವಿನಿಮಯ ನೋಡುವ ಬ್ಯಾಂಕಿನ ಸಂಖ್ಯೆ) ಪತ್ರ ತಂದು ಕಸ್ಟಮ್ಸಿನ ಪೋರ್ಟಲ್ ಆದ ಐಸ್‌ಗೇಟಿನಲ್ಲಿ ನೋಂದಾಯಿಸಿ. ನಿಮ್ಮ ಶಾಖೆಯೇ ವಿದೇಶಿ ವಿನಿಮಯ ನೋಡುತ್ತದೋ, ಫೈಲ್ ಬೆಂಗಳೂರಿಗೆ ಹೋಗುತ್ತದೋ ಈಗಲೇ ಕೇಳಿಕೊಳ್ಳಿ. ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಎಲ್‌ಯುಟಿ ಪ್ರತಿ ಹಣಕಾಸು ವರ್ಷಕ್ಕೂ ಹೊಸದು. ಬಿಲ್ ಆಗಿ 3 ತಿಂಗಳೊಳಗೆ ಸರಕು ಹೊರಡಬೇಕು.

ಹಣ: 2022ರಲ್ಲಿ ಅಲ್ಲಿ ಡಾಲರೇ ಇಲ್ಲದೆ ಬ್ಯಾಂಕುಗಳು ಎಲ್‌ಸಿ ತೆರೆಯಲು ಪರದಾಡಿದ್ದು ಎಲ್ಲರಿಗೂ ಗೊತ್ತು. ಈಗ ಪರಿಸ್ಥಿತಿ ಸುಧಾರಿಸಿದೆ ಅಂತ ಮೊದಲ ಆರ್ಡರಿಗೇ 60 ದಿನದ ಸಾಲ ಕೊಡಬೇಡಿ. 50% ಆರ್ಡರ್ ಜೊತೆ, ಉಳಿದದ್ದು ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕಿನ ರಸೀದಿ) ಪ್ರತಿ ತೋರಿಸಿದಾಗ, ಮೂಲ ಕಾಗದ ಹಣ ಬಂದ ಮೇಲೆ. 2.72 ಲಕ್ಷದ ಸರಕಿಗೆ ಎಲ್‌ಸಿ ಮಾಡಿಸಿದರೆ ಎರಡೂ ಕಡೆಯ ಶುಲ್ಕದಲ್ಲೇ ಲಾಭ ಕರಗುತ್ತದೆ. ಆರ್ಡರ್ ದೊಡ್ಡದಾದಾಗ ಎಲ್‌ಸಿ, ಸಾಲ ಕೊಡುವ ದಿನ ಬಂದಾಗ ರಫ್ತಿನ ಹಣಕ್ಕೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ಸಣ್ಣ ರಫ್ತುದಾರರ ಪಾಲಿಸಿ. ಎಲ್‌ಸಿ ಬಂದಾಗ ನಿಮ್ಮ ವಿಳಾಸ ಶಿಮೊಗ ಅಂತಿದೆಯೋ ಶಿವಮೊಗ್ಗ ಅಂತಿದೆಯೋ ನೋಡಿ, ಒಂದಕ್ಷರ ಬೇರೆಯಾದರೂ ಬ್ಯಾಂಕ್ ಕಾಗದ ತಿರಸ್ಕರಿಸುತ್ತದೆ.

---

ಒಪ್ಪಂದ_ಮೊದಲು ಉತ್ತರ:

ಬಂದರುಬಿಲ್ಲು ಸರ್, ಕೊನೆಯದನ್ನು ತಿದ್ದುತ್ತೇನೆ. ಎಲ್‌ಸಿಗೆ ಬ್ಯಾಂಕುಗಳು ಪಾಲಿಸುವ ನಿಯಮಾವಳಿ ಯುಸಿಪಿ 600ರ 14ನೇ ವಿಧಿಯಲ್ಲಿ ಇದು ಸ್ಪಷ್ಟವಾಗಿದೆ: ಮಾರುವವರ, ಕೊಳ್ಳುವವರ ವಿಳಾಸ ಎಲ್ಲ ಕಾಗದದಲ್ಲೂ ಒಂದೇ ರೀತಿ ಇರಬೇಕಿಲ್ಲ, ದೇಶ ಒಂದೇ ಇದ್ದರೆ ಸಾಕು. 2014ರ ನವೆಂಬರಿನಲ್ಲಿ ಊರ ಹೆಸರಿನ ಇಂಗ್ಲಿಷ್ ರೂಪ ಬದಲಾದ ಮೇಲೂ ಹಳೆ ಲೈಸೆನ್ಸಿನಲ್ಲಿ ಶಿಮೊಗ ಉಳಿದಿರುವ ಘಟಕಗಳು ಬೇಕಾದಷ್ಟಿವೆ, ಅದಕ್ಕಾಗಿ ಯಾರೂ ಹೆದರಬೇಕಾಗಿಲ್ಲ. ಬಿಲ್ ಆಫ್ ಲೇಡಿಂಗಿನಲ್ಲಿ ಸರಕು ಪಡೆಯುವವರ ಮತ್ತು ಸೂಚನೆ ಕೊಡಬೇಕಾದವರ ವಿಳಾಸ ಮಾತ್ರ ಎಲ್‌ಸಿಯಲ್ಲಿ ಇದ್ದಂತೆಯೇ ಬರಬೇಕು. ಕಂಪನಿಯ ಹೆಸರು ಎಲ್ಲೆಡೆ ಒಂದೇ ಇರಬೇಕು. ನಿಜವಾಗಿ ಎಲ್‌ಸಿ ಕೆಡುವುದು ತಡದಿಂದ: ಹಡಗು ಹೊರಟ 21 ದಿನದೊಳಗೆ ಕಾಗದ ಬ್ಯಾಂಕಿಗೆ ಕೊಡಬೇಕು, ಎಲ್‌ಸಿಯಲ್ಲಿ ಬೇರೆ ಗಡುವು ಇದ್ದರೆ ಅದರೊಳಗೆ.

ಈಗ ಝಾಪಾದವರ "ಇಡೀ ನೇಪಾಳಕ್ಕೆ ನಾನೊಬ್ಬನೇ" ಅನ್ನುವ ಷರತ್ತು. ಹತ್ತು ಯಂತ್ರಕ್ಕೆ ಒಂದು ದೇಶ ಬರೆದುಕೊಡಬೇಡಿ. ಜಿಲ್ಲೆಯ ಹೆಸರು ಹಾಕಿ, 12 ತಿಂಗಳ ಮಟ್ಟಿಗೆ ಕೊಡಿ. ಒಂದು ಸೀಸನ್ನಿನಲ್ಲಿ ಇಷ್ಟು ಯಂತ್ರ ಎತ್ತದಿದ್ದರೆ ಏಕಸ್ವಾಮ್ಯ ತಾನಾಗಿ ಬಿದ್ದುಹೋಗುತ್ತದೆ ಅಂತ ಬರೆಸಿ. "ಪ್ರಯತ್ನಿಸತಕ್ಕದ್ದು" ಅನ್ನುವ ಪದ ಬಂದರೆ ಹೊಡೆದುಹಾಕಿ, ಅದಕ್ಕೆ ಅರ್ಥವಿಲ್ಲ. ಸಂಖ್ಯೆ ಬೇಕು.

ಬಿಡಿಭಾಗದ ದಾಸ್ತಾನನ್ನೂ ಒಪ್ಪಂದಕ್ಕೆ ಸೇರಿಸಿ. ಪ್ರತಿ 10 ಯಂತ್ರಕ್ಕೆ 4 ಬ್ಲೇಡ್ ಸೆಟ್, 20 ಸ್ಪ್ರಿಂಗ್, 6 ಬೆಲ್ಟ್, 1 ಮೋಟಾರ್ ಅಂತ ಇಟ್ಟುಕೊಳ್ಳಿ, ಮೊದಲ ಸಾಗಣೆಯ ಬಿಲ್ಲಿನಲ್ಲೇ ಬೇರೆ ಸಾಲಾಗಿ ತೋರಿಸಿ. ಆಮೇಲೆ ಕಳಿಸೋಣ ಅಂದರೆ 400 ರೂಪಾಯಿಯ ಸ್ಪ್ರಿಂಗಿಗೂ ಬಿಲ್, ಕಸ್ಟಮ್ಸ್, ಕೊರಿಯರ್. ವಾರಂಟಿಯಲ್ಲಿ ಪುಕ್ಕಟೆ ಕಳಿಸುವ ಭಾಗಕ್ಕೂ ಸೊನ್ನೆ ಬೆಲೆ ಹಾಕುವಂತಿಲ್ಲ, ಕಸ್ಟಮ್ಸ್ ಉದ್ದೇಶಕ್ಕೆ ನಿಜವಾದ ಬೆಲೆ ನಮೂದಿಸಿ "ಹಣ ಬರುವುದಿಲ್ಲ" ಅಂತ ಬರೆಯಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಇಲ್ಲಿ ಅದು ಅಕ್ಷರಶಃ ಅಡಿಕೆಗೇ ಹೋಗುತ್ತದೆ.

ಯಂತ್ರದ ಮೇಲಿರುವ ಹೆಸರನ್ನು ಡೀಲರ್ ತನ್ನ ಹೆಸರಲ್ಲಿ ನೋಂದಾಯಿಸಿಕೊಂಡರೆ ನಾಳೆ ನಿಮ್ಮ ಸರಕನ್ನೇ ಗಡಿಯಲ್ಲಿ ತಡೆಯಬಹುದು. ಒಂದೇ ಅರ್ಜಿಯಲ್ಲಿ ಹಲವು ದೇಶಕ್ಕೆ ಟ್ರೇಡ್‌ಮಾರ್ಕ್ ಕೇಳುವ ಮ್ಯಾಡ್ರಿಡ್ ವ್ಯವಸ್ಥೆಯಲ್ಲಿ ನೇಪಾಳ ಇಲ್ಲ, ಅಲ್ಲಿ ಟ್ರೇಡ್‌ಮಾರ್ಕಿಗೆ ನೇರವಾಗಿ ಅರ್ಜಿ ಹಾಕಬೇಕು. ಡೀಲರ್ ಪತ್ರಕ್ಕೆ ಸಹಿ ಬೀಳುವ ಮೊದಲೇ ಹಾಕಿ. ಭೂತಾನ್ ಆ ವ್ಯವಸ್ಥೆಯಲ್ಲಿದೆ, ನಮ್ಮ ದೇಶವೂ 2013ರಿಂದ ಇದೆ, ಇಲ್ಲಿಂದಲೇ ಮಾಡಬಹುದು. ಪೇಟೆಂಟ್ ಇದ್ದರೂ ಅದು ಇಲ್ಲಿಗೆ ಮಾತ್ರ, ಗಡಿಯಾಚೆ ಲೆಕ್ಕಕ್ಕಿಲ್ಲ.

ವ್ಯಾಜ್ಯಕ್ಕೆ ಮಧ್ಯಸ್ಥಿಕೆ ಅಂತ ಬರೆಸಿ. ನಾಲ್ಕೂ ದೇಶ ನ್ಯೂಯಾರ್ಕ್ ಕನ್ವೆನ್ಷನ್ನಿಗೆ ಸಹಿ ಹಾಕಿವೆ, ಕೋರ್ಟ್ ಡಿಕ್ರಿಗಿಂತ ಮಧ್ಯಸ್ಥಿಕೆ ತೀರ್ಪನ್ನು ಅಲ್ಲಿ ಜಾರಿ ಮಾಡಿಸುವುದು ಸುಲಭ. ಆದರೆ ನಿಜ ಹೇಳಬೇಕೆಂದರೆ 7 ಲಕ್ಷಕ್ಕೆ ಯಾರೂ ಮಧ್ಯಸ್ಥಿಕೆಗೆ ಹೋಗುವುದಿಲ್ಲ, ವಕೀಲರ ಫೀಸೇ ಅದನ್ನು ಮೀರುತ್ತದೆ. ಮುಂಗಡವೇ ನಿಮ್ಮ ಕೋರ್ಟು.

---

ಹಾಳೆತಟ್ಟೆ_ತೀರ್ಥಹಳ್ಳಿ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾವು ಅಡಿಕೆ ಹಾಳೆಯ ತಟ್ಟೆ ಮಾಡುವವರು. 2025ರ ಮೇನಲ್ಲಿ ಅಮೆರಿಕದ ಎಫ್‌ಡಿಎ ಅಡಿಕೆ ಹಾಳೆ ತಟ್ಟೆಯಲ್ಲಿ ಊಟ ಬಡಿಸುವುದು ಸುರಕ್ಷಿತವಲ್ಲ ಅಂತ ತಡೆ ಹಾಕಿದ ಮೇಲೆ ಹತ್ತಿರದ ದೇಶಗಳನ್ನು ನೋಡುತ್ತಿದ್ದೇವೆ. ನಮಗೂ ಈ ಸಿಲಿಗುರಿ ದಾರಿ ಆಗುತ್ತದಾ?

ಗಡಿದಾರಿ ಉತ್ತರ:

ಆಗುವುದಿಲ್ಲ. ತಟ್ಟೆಗೆ ರಿಪೇರಿ ಇಲ್ಲ, ಹಾಗಾಗಿ ಸಿಲಿಗುರಿಯಲ್ಲಿ ಯಾರೂ ಬೇಡ, ಮರ್ಚೆಂಟ್ ಎಕ್ಸ್‌ಪೋರ್ಟರ್ ನಿಮಗೆ ಸರಿ. ಅಡಿಕೆ ಬೆಳೆಯುವ ದೇಶಕ್ಕೆ ಹಾಳೆ ತಟ್ಟೆ ಮಾರುವುದೂ ಕಷ್ಟ, ಅವರ ತೋಟದಲ್ಲೂ ಹಾಳೆ ಬೀಳುತ್ತದೆ. ನಿಮ್ಮಲ್ಲಿ ತಟ್ಟೆ ಒತ್ತುವ ಯಂತ್ರದವರಿದ್ದರೆ ಅವರಿಗೆ ಮಾರುಕಟ್ಟೆ ಇದೆ, ನಿಮಗಲ್ಲ. ಬೇರೆ ಯಾವ ದೇಶ ಆದರೂ ಆಹಾರ ತಾಗುವ ವಸ್ತುವಿಗೆ ಅಲ್ಲಿ ಏನು ನಿಯಮ ಅಂತ ಕೊಳ್ಳುವವರಿಂದ ಬರಹದಲ್ಲಿ ತರಿಸಿ, ಆಮೇಲೆ ಅಚ್ಚು ಮಾಡಿಸಿ. ಬೂಸ್ಟು ಬರದಂತೆ ತೇವ ತೆಗೆದು ಪ್ಯಾಕ್ ಮಾಡುವುದು ನಿಮಗೆ ಗೊತ್ತೇ ಇದೆ. ಆಷಾಢದಲ್ಲಿ ಒತ್ತಿದ ಮಾಲು ಹಡಗಿಗೆ ಹಾಕಲೇಬೇಡಿ.

---

ಸುಲಿಯಂತ್ರ_ಶಿವಮೊಗ್ಗ:

ಮೂವರಿಗೂ ಧನ್ಯವಾದ. ಕಂಪನಿಯ ಮಾತು ಬಿಟ್ಟೆವು. ಒಂದೇ ಅನುಮಾನ: ಶ್ರೀಲಂಕಾ ಮೊದಲು ಮಾಡಲೋ, ಸಿಲಿಗುರಿಯೋ? ಎರಡಕ್ಕೂ ಒಟ್ಟಿಗೆ ಕೈ ಹಾಕುವಷ್ಟು ಜನ ಇಲ್ಲ. ಅಲ್ಲದೆ ನಮ್ಮ ಫಿಟ್ಟರ್ ಕೊಲಂಬೊಗೆ ಹೋಗುವಾಗ ಬ್ಲೇಡ್ ಸೆಟ್ ಕೈಯಲ್ಲೇ ಒಯ್ಯಬಹುದಾ?

ಬಂದರುಬಿಲ್ಲು ಉತ್ತರ:

ಸಿಲಿಗುರಿ ಮೊದಲು. ಅಲ್ಲಿ ತಪ್ಪಾದರೆ ಲಾರಿಯಲ್ಲಿ ಯಂತ್ರ ವಾಪಸ್ ಬರುತ್ತದೆ. ಕೊಲಂಬೊದಿಂದ ವಾಪಸ್ ತರುವುದು ಮರು ಆಮದು, ಅದಕ್ಕೆ ಬೇರೆ ಕಾಗದ, ಬೇರೆ ಖರ್ಚು. ಈ ಸೀಸನ್ನಿಗೆ 3 ಯಂತ್ರ ಸಿಲಿಗುರಿಗೆ ಕಳಿಸಿ, ಒಂದು ಅಲ್ಲೇ ಪ್ರದರ್ಶನಕ್ಕೆ, ಎರಡು ಸಂತ್ಸೆಯವರಿಗೆ. ಝಾಪಾದವರಿಗೆ 10ರ ಬದಲು 4 ಕೊಟ್ಟು ಯಾವ ಭಾಗ ಎಷ್ಟು ಗಂಟೆಗೆ ಸವೆಯುತ್ತದೆ ಅಂತ ಫಿಟ್ಟರಿಂದ ಪುಸ್ತಕ ಬರೆಸಿ. ಆ ಪುಸ್ತಕ ನೋಡಿಕೊಂಡೇ ಕೇಗಾಲೆಗೆ ಬಿಡಿಭಾಗದ ಪಟ್ಟಿ ಮಾಡಿ. ಅಷ್ಟರಲ್ಲಿ ಅವರಿಂದ ಅಡಿಕೆ ಅಳತೆಯೂ ಎಚ್‌ಎಸ್ ಸಂಖ್ಯೆಯೂ ಬಂದಿರುತ್ತವೆ.

ಬ್ಲೇಡ್ ಕೈಚೀಲದಲ್ಲಿ ಆಗುವುದಿಲ್ಲ, ವಿಮಾನದ ಭದ್ರತೆಯವರು ಅಲ್ಲೇ ತೆಗೆದಿಡುತ್ತಾರೆ. ಚೆಕ್-ಇನ್ ಸಾಮಾನಿನಲ್ಲಿ ಹೋದರೂ ವ್ಯಾಪಾರದ ಸರಕಾದ್ದರಿಂದ ಇಳಿದ ಮೇಲೆ ಕಸ್ಟಮ್ಸಿನಲ್ಲಿ ಘೋಷಿಸಬೇಕು. ಮೊದಲ ಪೆಟ್ಟಿಗೆಯ ಜೊತೆಗೇ ಬಿಲ್ಲಿನಲ್ಲಿ ಸೇರಿಸಿ ಕಳಿಸಿ, ಫಿಟ್ಟರ್ ಸ್ಪ್ಯಾನರ್ ಸೆಟ್ ಹಿಡಿದು ಹೋಗಲಿ. ಅವರಿಗೆ ಪ್ರವಾಸಿ ವೀಸಾ ಅಲ್ಲ, ವ್ಯವಹಾರದ ವೀಸಾ ಮಾಡಿಸಿ.